ವಿಮಾನ ಎತ್ತಿದ ಶಾವಿಗೆ ಒರಳು

ನಮ್ಮ ಅತ್ತೆಯ ಶಾವಿಗೆ ಒರಳನ್ನು ಕದ್ದವನು ನಾನು. ಕದ್ದದ್ದು ಹೋಗಲಿ — ಕದ್ದ ಮೇಲೆ, ‘ನೀವೇ ಯಾರಿಗೋ ಕೊಟ್ಟು ಮರೆತಿದ್ದೀರಿ’ ಎಂದು ಅವರನ್ನು ನಂಬಿಸಿದವನೂ ನಾನೇ. ಅವರು ನಂಬಿದರು. ಸಾಯುವ ತನಕ ನಂಬಿದ್ದರು. ಅವರ ತಲೆಯಲ್ಲಿ ಯಾವ ಮರೆವೂ ಇರಲಿಲ್ಲ. ಇದ್ದದ್ದು ಅವರ ಮನೆಯಲ್ಲಿ ಉಂಡು ಮಲಗುತ್ತಿದ್ದ ಒಬ್ಬ ಸುಳ್ಳುಗಾರ ಅಳಿಯ.

ಓದಿ ನಗುವವರು ನಗಬಹುದು. ನಾನೂ ಎಷ್ಟೋ ಸಲ ನಕ್ಕಿದ್ದೇನೆ, ಒಬ್ಬನೇ ಇದ್ದಾಗ. ಏಕೆಂದರೆ ಆ ಒರಳನ್ನು ಕದ್ದದ್ದು ಮಾರಲಿಕ್ಕಲ್ಲ, ಒಂದು ವಿಮಾನವನ್ನು ಎತ್ತಿ ನಿಲ್ಲಿಸಲಿಕ್ಕೆ. ಹೌದು, ವಿಮಾನ. ದಾವಣಗೆರೆಯ ಹಳೇಪೇಟೆಯಲ್ಲಿ, ಹತ್ತಿ ಗೋದಾಮಿನೊಳಗೆ. ನಲವತ್ತು ವರ್ಷದ ಮೇಲಾಯಿತು. ನನಗೆ ಈಗ ಮಂಡಿ ನೋವು, ಅತ್ತೆಗೆ ಹೇಳಿದ ಆ ಮಾತು ಮಾತ್ರ ಇನ್ನೂ ಹೊಸದಾಗಿಯೇ ಇದೆ.

ಆಗ ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವುದು. ಅಲ್ಲಿ ನನ್ನ ಕೆಲಸ — ಈಗಾದರೂ ಖರೆ ಹೇಳುತ್ತೇನೆ — ಸ್ಟೋರಿನ ಕಿಟಕಿಯಲ್ಲಿ ಕೂತು, ಹಿತ್ತಾಳೆ ಬಿಲ್ಲೆ ಇಸಿದುಕೊಂಡು ಸ್ಪ್ಯಾನರು ಕೊಡುವುದು, ಸಂಜೆ ಸ್ಪ್ಯಾನರು ಇಸಿದುಕೊಂಡು ಬಿಲ್ಲೆ ಕೊಡುವುದು. ಕಬ್ಬಿಣ ಕಡೆಯುವ ಲೇಥ್ ಯಂತ್ರವನ್ನು ಆ ಕಿಟಕಿಯಿಂದಲೇ ನೋಡಿದ್ದೆ. ಆದರೆ ಓಣಿಯಲ್ಲಿ ಹಾಗೆ ಹೇಳಿಕೊಂಡು ತಿರುಗಲಿಕ್ಕಾಗುತ್ತದೆಯೇ? ನಾನು ಮನೆಯಳಿಯ. ಗಂಡು ಮಕ್ಕಳಿಲ್ಲದ ಮನೆಗೆ ಬಂದು ಸೇರಿಕೊಂಡವನು. ಓಣಿಯವರ ಬಾಯಲ್ಲಿ ನನಗೆ ಹೆಸರೇ ಇರಲಿಲ್ಲ, ‘ನೀಲಮ್ಮಾರ ಅಳಿಯ’ ಅಷ್ಟೇ. ಸ್ವಂತದ್ದು ಅಂತ ಒಂದು ವಜನು ಬೇಡವೇ ಮನುಷ್ಯನಿಗೆ? ಹಾಗಾಗಿ ರೈಲಿಳಿದು ಓಣಿಗೆ ಕಾಲಿಡುವಷ್ಟರಲ್ಲಿ ನಾನು ಅರ್ಧ ಇಂಜಿನಿಯರ್ ಆಗಿಬಿಟ್ಟಿರುತ್ತಿದ್ದೆ. ಯಾರ ಮನೆಯ ಹೊಲಿಗೆ ಯಂತ್ರ ಕೆಟ್ಟರೂ ಮೇಲೆ ಕೆಳಗೆ ನೋಡಿ, ‘ಬೇರಿಂಗ್ ಹೋಗೈತೆ’ ಎನ್ನುತ್ತಿದ್ದೆ. ಹೊಲಿಗೆ ಯಂತ್ರಕ್ಕೆ ಬೇರಿಂಗ್ ಇರುತ್ತದೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅತ್ತೆಯ ವಿಷಯ ಹೇಳದಿದ್ದರೆ ನಾನು ಮಾಡಿದ್ದೇನು ಎಂಬುದು ತಿಳಿಯುವುದಿಲ್ಲ. ನೀಲಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಡೀ ಓಣಿ ಅವರ ತಲೆಯೊಳಗಿತ್ತು. ಯಾರ ಮನೆಯ ಹಂಡೆ ಯಾರ ಮನೆಯಲ್ಲಿದೆ, ಯಾರ ಒನಕೆ ಯಾವ ಮದುವೆಗೆ ಹೋಗಿ ಯಾರ ಹಿತ್ತಿಲಲ್ಲಿ ಉಳಿಯಿತು, ಯಾವ ಕೂಸು ಯಾವ ಅಮಾವಾಸ್ಯೆಯ ಹಿಂದಿನ ದಿನ ಹುಟ್ಟಿತು — ಕೇಳಿದರೆ ರೊಟ್ಟಿ ತಟ್ಟುತ್ತಲೇ ಹೇಳುತ್ತಿದ್ದರು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಕೇಳಲು ಹೆತ್ತವರೇ ನಮ್ಮ ಕಟ್ಟೆಗೆ ಬರುತ್ತಿದ್ದರು. ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದರೆ, ‘ನಡಿ, ನೀಲಮ್ಮಾರನ್ನೇ ಕೇಳಾಣ’ ಎಂದರೆ ಮುಗಿಯಿತು; ಸುಳ್ಳು ಹೇಳುತ್ತಿದ್ದವಳು ಅರ್ಧ ದಾರಿಯಲ್ಲೇ ತಿರುಗಿ ಹೋಗುತ್ತಿದ್ದಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅವರಿಗೆ ಓಣಿಯಲ್ಲಿ ಇದ್ದ ಮರ್ಯಾದೆಯೆಲ್ಲ ಆ ನೆನಪಿನದು.

ಅವರದೇ ಒಂದು ಶಾವಿಗೆ ಒರಳಿತ್ತು. ಮೂರು ಕಬ್ಬಿಣದ ಕಾಲು, ನಡುವೆ ತೂತಿನ ಬಟ್ಟಲು, ಮೇಲಿಂದ ಇಳಿಯುವ ದಪ್ಪ ತಿರುಪು, ತಿರುಪಿನ ತಲೆಗೆ ಎರಡೂ ಕೈಯಲ್ಲಿ ಹಿಡಿದು ತಿರುವುವ ಹಿಡಿಕೆ. ಬೇಸಿಗೆ ಬಂತೆಂದರೆ ಅದು ಸರದಿಯ ಮೇಲೆ ಮನೆಮನೆಗೆ ಹೋಗುತ್ತಿತ್ತು. ಸರದಿ ಬರೆದಿಡುವವರು ಯಾರೂ ಇಲ್ಲ, ಅತ್ತೆ ಹೇಳಿದ್ದೇ ಸರದಿ.

ಇನ್ನು ವಿಮಾನ. ಅದು ಶಿವಾನಂದಪ್ಪನದು. ಹತ್ತಿ ವ್ಯಾಪಾರದ ಮನೆತನದ ಕಿರಿಯ ಮಗ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು, ಬಿಟ್ಟು ಊರಿಗೆ ಬಂದವನು. ಹತ್ತಿ ಕಂಡರೆ ಆಗದು, ಇಂಜಿನ್ ಕಂಡರೆ ಜೀವ. ದೇಶ ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರು, ತಾನು ಕಟ್ಟಬೇಕೆಂದು ತರಿಸಿ ಬಿಚ್ಚಿಯೂ ನೋಡದೆ ಇಟ್ಟಿದ್ದ ವಿಮಾನದ ಪೆಟ್ಟಿಗೆಗಳನ್ನು ಇವನಿಗೆ ಒಪ್ಪಿಸಿ ಹೋಗಿದ್ದ. ಮರದ ಪಟ್ಟಿ, ಬಟ್ಟೆ, ತಂತಿ, ಸಣ್ಣದೊಂದು ಇಂಜಿನು, ಹೇಗೆ ಜೋಡಿಸಬೇಕೆಂಬ ಒಂದು ದಪ್ಪ ಪುಸ್ತಕ. ಎರಡು ವರ್ಷ ಅಣ್ಣನ ಕೈಲಿ ಬೈಸಿಕೊಳ್ಳುತ್ತಲೇ ಶಿವಾನಂದಪ್ಪ ಅದನ್ನು ಗೋದಾಮಿನ ಮೂಲೆಯಲ್ಲಿ ಜೋಡಿಸಿದ. ಒಬ್ಬರೇ ಕೂರುವಷ್ಟು ದೊಡ್ಡದು. ಚಕ್ರ ಒಂದು ಬಿಟ್ಟು ಎಲ್ಲ ಆಗಿತ್ತು. ಒತ್ತಿ ಕಟ್ಟಿದ ಹತ್ತಿ ಮೂಟೆಗಳ, ಅಂದರೆ ಅಂಡಿಗೆಗಳ ಮೇಲೆ ಕಾವಿಗೆ ಕೂತ ಕೋಳಿಯ ಹಾಗೆ ಕೂತಿತ್ತು.

ಚಕ್ರ ಹಾಕಬೇಕಾದರೆ ಎತ್ತಬೇಕು. ಮೊದಲು ಹಮಾಲರನ್ನು ಕರೆದರು. ಅವರು ಅಂಡಿಗೆ ಎತ್ತುವ ವರಸೆಯಲ್ಲೇ ‘ಹೈಸಾ’ ಎಂದು ಕೈ ಹಾಕಿದರು. ಒಬ್ಬನ ಹೆಬ್ಬೆರಳು ರೆಕ್ಕೆಯ ಬಟ್ಟೆ ಹರಿದು ಒಳಗೆ ಹೋಯಿತು. ಆಮೇಲೆ ಲಾರಿ ಜಾಕನ್ನು ದಿಮ್ಮಿಗಳ ಮೇಲೆ ಪೇರಿಸಿ ನೋಡಿದರು. ಅದು ಜಾರಿ, ರೆಕ್ಕೆಯೊಳಗಿನ ಒಂದು ಪಟ್ಟಿ ಲಟಕ್ಕೆಂದಿತು. ಶಿವಾನಂದಪ್ಪ ಅವತ್ತು ಊಟ ಬಿಟ್ಟ. ಪುಸ್ತಕದಲ್ಲಿ ಜಾಕಿನ ಚಿತ್ರವೇ ಇತ್ತು — ಸೊಂಟದೆತ್ತರದ ಮೂರು ಕಾಲು, ನಡುವೆ ದಪ್ಪ ತಿರುಪು, ಅದರ ತುದಿಯಲ್ಲಿ ಚರ್ಮ ಹೊದಿಸಿದ ಬಟ್ಟಲು. ಒಂದೊಂದು ರೆಕ್ಕೆಯ ಕೆಳಗೆ ಒಂದೊಂದು. ಇಬ್ಬರು ಕೂತು ಒಟ್ಟಿಗೆ ತಿರುವಬೇಕು, ಎರಡೂ ಕಡೆ ಸಮ ಏರಬೇಕು, ಇಲ್ಲದಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಕಾಲುಗಳನ್ನು ಬಡಿಗ ಸಾಗುವಾನಿಯಲ್ಲಿ ಮಾಡಿಕೊಟ್ಟ. ತಿರುಪು ಎಲ್ಲಿಂದ ತರುವುದು?

“ನಮ್ ಕಾರ್ಖಾನ್ಯಾಗೆ ಮಾಡ್ಸಿಕೊಡ್ತೀನಿ ಬಿಡಣ್ಣ. ಅದೇನ್ ದೊಡ್ ಕೆಲಸ, ಎಲ್ಡ್ ತಾಸು,” ಎಂದೆ ನಾನು.

ಯಾರು ಕೇಳಿದ್ದರು ನನ್ನನ್ನು? ಯಾರೂ ಕೇಳಿರಲಿಲ್ಲ! ಅಲ್ಲಿ ನಾಲ್ಕು ಜನ ನಿಂತಿದ್ದರು, ಅವರ ಕಣ್ಣು ನನ್ನ ಕಡೆ ತಿರುಗಲಿ ಎಂಬ ಆಸೆ. ತಿರುಗಿತು. ಮರುದಿನ ಹರಿಹರದಲ್ಲಿ ಫೋರ್‌ಮನ್ ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ. “ಸ್ವಂತ ಕೆಲಸಕ್ಕೆ ಲೇಥ್ ಬೇಕಾ ನಿನಗೆ? ನಾಳೆಯಿಂದ ಗೇಟಿನ ಆಚೆ ಕೂತ್ಕೋ, ದಿನಾ ಪೂರ್ತಿ ಸ್ವಂತ ಕೆಲಸಾನೇ ಮಾಡು,” ಎಂದ. ಊರಿಗೆ ಬಂದು, ಸ್ಟೀಲು ಬಂದಿಲ್ಲ ಎಂದೆ. ಮುಂದಿನ ವಾರ ಕಟರ್ ಮುರಿದಿದೆ ಎಂದೆ. ಅದರ ಮುಂದಿನ ವಾರ ಏನೆಂದೆನೋ — ಶಿವಾನಂದಪ್ಪ ದಿನಾ ಸಂಜೆ ಸ್ಟೇಷನ್ನಿಗೇ ಬಂದು ನಿಲ್ಲಲು ಶುರು ಮಾಡಿದ್ದ, ನಾನು ಹಿಂದಿನ ಬಾಗಿಲಿಂದ ಇಳಿಯಲು ಶುರು ಮಾಡಿದ್ದೆ.

ಆಗ ಗುಜರಿ ಅಂಗಡಿಯಲ್ಲಿ ಬಟ್ಟಲು ಒಡೆದ ಒಂದು ಶಾವಿಗೆ ಒರಳು ಕಣ್ಣಿಗೆ ಬಿತ್ತು. ಮೂರು ಕಾಲು, ನಡುವೆ ತಿರುಪು — ಅರೆ! ಪುಸ್ತಕದ ಚಿತ್ರವನ್ನು ತಲೆಕೆಳಗು ಹಿಡಿದರೆ ಇದೇ ಅಲ್ಲವೇ? ಒರಳು ಹಿಟ್ಟನ್ನು ಕೆಳಕ್ಕೆ ಒತ್ತುತ್ತದೆ, ಜಾಕು ವಿಮಾನವನ್ನು ಮೇಲಕ್ಕೆ ಒತ್ತುತ್ತದೆ. ನನ್ನ ಜನ್ಮದಲ್ಲಿ ನಾನು ಇಂಜಿನಿಯರ್ ಆಗಿದ್ದರೆ ಅದು ಆ ಒಂದು ಗಳಿಗೆ. ಅದನ್ನು ಹೊತ್ತು ತಂದೆ. ಎರಡನೆಯದಕ್ಕೆ ಊರೆಲ್ಲ ಸುತ್ತಿದೆ. ಸಿಕ್ಕ ತಿರುಪುಗಳ ಹಲ್ಲು ಬೇರೆ ಬೇರೆ. ಒಂದು ಸುತ್ತು ತಿರುವಿದರೆ ಒಂದು ಹೆಚ್ಚು ಏರುತ್ತದೆ, ಇನ್ನೊಂದು ಕಡಿಮೆ ಏರುತ್ತದೆ. ಗುಜರಿಯಿಂದ ತಂದದ್ದಕ್ಕೆ ಸರಿಯಾದ ಜೋಡಿ ಒಂದೇ ಒಂದು ಇತ್ತು. ಅದು ನಮ್ಮ ಮನೆಯ ಅಟ್ಟದ ಮೇಲಿತ್ತು.

ಕೇಳಬಹುದಿತ್ತು. ಕೇಳಿದ್ದರೆ ಕೊಡುತ್ತಿದ್ದರು — ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ — ಖುಷಿಯಿಂದ ಕೊಡುತ್ತಿದ್ದರು. ‘ನಮ್ ಒರಳು ಇಮಾನ ಎತ್ತತೈತಂತೆ’ ಎಂದು ಓಣಿ ತುಂಬ ಹೇಳಿಕೊಂಡು ಬರುತ್ತಿದ್ದರು. ಅದೇ ನನಗೆ ಬೇಡವಾಗಿತ್ತು. ಹರಿಹರದ ಲೇಥ್ ಕೆಲಸ ಅಂದದ್ದು ಅತ್ತೆಯ ಮನೆಯ ಅಟ್ಟದ ಸಾಮಾನು ಎಂದು ಗೊತ್ತಾದರೆ ನಾನು ಮುಖ ಎಲ್ಲಿಡಲಿ? ಒಂದು ಭಾನುವಾರ ಅತ್ತೆ, ಹೆಂಡತಿ ಗಿರಿಜಾ ಇಬ್ಬರೂ ಯಾರದೋ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಾಗ ಅಟ್ಟ ಹತ್ತಿದೆ. ಗೋಣಿಚೀಲ, ಸೈಕಲ್ಲು, ಕುಲುಮೆ. ಶಾವಿಗೆ ಕಾಲ ಇನ್ನೂ ದೂರ, ಅಷ್ಟರೊಳಗೆ ತಂದಿಟ್ಟರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ತಿರುಪಿನ ತುದಿಯಲ್ಲಿ ಹಿಟ್ಟು ಒತ್ತುವ ಬಿಲ್ಲೆ ಇತ್ತು. ಅದನ್ನು ಕೊಯ್ದು ತೆಗೆಯದೆ ಜಾಕಿನ ಬಟ್ಟಲು ಕೂರುತ್ತಿರಲಿಲ್ಲ. ಕೊಯ್ದರೆ ಇದು ಇನ್ನು ಶಾವಿಗೆ ಒತ್ತುವುದಿಲ್ಲ ಎಂದು ಕಮ್ಮಾರ ಎರಡು ಸಲ ಹೇಳಿದ. ಕೊಯ್ಯಿ ಎಂದೆ.

ಶಿವಾನಂದಪ್ಪನಿಗೆ ಖುಷಿಯೋ ಖುಷಿ. “ಹರಿಹರದ ಕೆಲಸ ಅಂದ್ರೆ ಹರಿಹರದ್ದು ನೋಡಪ್ಪ!” ಎಂದು ತಿರುಪನ್ನು ಸವರಿದ. ಸವರಿದ ಬೆರಳು ಒಂದು ಕಡೆ ನಿಂತಿತು. ಹಲ್ಲುಗಳ ಸಂದಿಯಲ್ಲಿ ಹಳೆಯ ಹಿಟ್ಟು ಕಲ್ಲಿನಂತೆ ಕೂತಿತ್ತು. ನಾನು ಎಷ್ಟು ಉಜ್ಜಿದ್ದರೂ ಹೋಗಿರಲಿಲ್ಲ.

“ಏನೋ ಇದು ಬೆಳ್ಳಗೆ?”

“ಅದು… ಕಟಿಂಗ್ ಪೌಡರ್ ಅಣ್ಣ. ಲೇಥಿಗೆ ಹಾಕ್ತಾರೆ.”

ಉಗುರಿನಿಂದ ಕೆರೆದು ಮೂಸಿದ. “ಅಕ್ಕಿಹಿಟ್ಟಿನ ವಾಸನಿ ಬರ್ತೈತಲ್ಲೋ.”

“ಹೊಸಾ ನಮೂನಿದು,” ಎಂದೆ. ವಾಯುಪಡೆಯಲ್ಲಿ ಅಷ್ಟು ವರ್ಷ ಇಂಜಿನ್ ಬಿಚ್ಚಿದವನು, ನನ್ನ ಮಾತನ್ನು ನಂಬಿ ತಲೆಯಾಡಿಸಿದ. ಅವನಿಗೆ ವಿಮಾನ ಎದ್ದರೆ ಸಾಕಾಗಿತ್ತು.

ಜಾಕಿಗೆ ಬಟ್ಟಲು ಕೂರಿಸುವ ಕೆಲಸ ಇನ್ನೂ ನಡೆದಿತ್ತು, ಅಷ್ಟರಲ್ಲಿ ಎದುರು ಮನೆಯ ಗುರುಸಿದ್ದವ್ವ ಬಂದಳು. ಮಗಳ ಕುಬುಸಕ್ಕೆ ಬೀಗರು ಬರುತ್ತಾರಂತೆ, ಈಗಲೇ ಶಾವಿಗೆ ಆಗಬೇಕಂತೆ. ಹಾಳಾದ್ದು, ಶಾವಿಗೆ ಕಾಲ ಕಾಯದೆ ಬಸುರಾಗಿದ್ದಳು ಅವಳ ಮಗಳು! ಅತ್ತೆ ಅಟ್ಟ ಹತ್ತಿದರು. ಇಳಿದರು. ಮತ್ತೆ ಹತ್ತಿದರು. ನಾನು ಆಗಷ್ಟೇ ರೈಲಿಳಿದು ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ.

“ಇಲ್ಲೇ ಇಟ್ಟಿದ್ದೆ. ಹೋದ ವರ್ಷ ಕೊನೀಗೆ ಪಾರವ್ವನ ಮನಿಯಿಂದ ಬಂತು, ಗುರುವಾರ ಬಂತು, ನಾನೇ ತೊಳ್ದು ಮ್ಯಾಲಿಟ್ಟೆ. ಯಾರಿಗೂ ಕೊಟ್ಟಿಲ್ಲ.”

ಎಲ್ಲವೂ ಖರೆ. ಪಾರವ್ವ ಖರೆ, ಗುರುವಾರ ಖರೆ. ಗುರುಸಿದ್ದವ್ವ ನಿಂತಿದ್ದಳು, ಗಿರಿಜಾ ನಿಂತಿದ್ದಳು. ಇಬ್ಬರ ಕಣ್ಣೂ ಸುಮ್ಮನೆ ನನ್ನತ್ತ ಹೊರಳಿತು — ಅನುಮಾನವಿರಲಿಲ್ಲ, ಮನೆಯಲ್ಲಿ ಗಂಡಸು ಅಂತ ಇದ್ದವನು ನಾನೊಬ್ಬನೇ, ಅದಕ್ಕೆ. ಆಗ ಬಂದದ್ದು ಆ ಮಾತು.

“ಯಾರಿಗೋ ಕೊಟ್ಟು ಮರ್ತಿರಬೇಕು ತಗೋರಿ ಅತ್ತಿ. ವಯಸ್ಸಾತಲ್ಲ.”

ಅವರಿಗೆ ಆಗ ಐವತ್ತು ದಾಟಿ ಮೂರೋ ನಾಲ್ಕೋ ವರ್ಷ. ಈಗಿನ ನನ್ನ ವಯಸ್ಸಿಗೆ ಅದು ಹುಡುಗಿಯ ವಯಸ್ಸು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಮರುದಿನ ಅವರು ಓಣಿಯ ಮನೆಮನೆಗೂ ಹೋಗಿ ಕೇಳಿ ಬಂದು, ಒಲೆ ಹಚ್ಚದೆ ಅದರ ಮುಂದೆ ಕೂತರು. ಅದನ್ನು ನೋಡಲಾಗದೆ — ಹೀಗೆ ಹೇಳಿಕೊಂಡರೆ ಒಳ್ಳೆಯವನಂತೆ ಕೇಳಿಸುತ್ತದೆ. ಅಲ್ಲ, ಹುಡುಕಾಟ ಗೋದಾಮಿನ ತನಕ ಹೋದೀತೆಂಬ ಹೆದರಿಕೆಗೆ — ಇನ್ನೊಂದು ಕಟ್ಟಿದೆ. “ಅವತ್ತೊಬ್ಬಾಕಿ ಬಂದಿದ್ಲಲ್ರೀ ಅತ್ತಿ, ಹಸರು ಸೀರಿಯಾಕಿ. ಆಕಿಗೆ ಕೊಟ್ಟಂಗಿತ್ತಪ್ಪ,” ಎಂದೆ. ಅಂಥ ಹೆಂಗಸು ಹುಟ್ಟಿಯೇ ಇರಲಿಲ್ಲ. ಅತ್ತೆ ಎರಡು ದಿನ ಯೋಚಿಸಿದರು. ಮೂರನೆಯ ದಿನ ಊಟಕ್ಕೆ ಬಡಿಸುತ್ತ, “ಹೌದು ನೋಡ್ರಿ ಅಳಿಯಂದ್ರ, ಈಗ ನೆನಪಾತು. ಹಸರು ಸೀರಿ. ಬಗಲಾಗೆ ಕೂಸಿತ್ತು,” ಎಂದರು.

ಕೂಸು! ನಾನು ಕೂಸಿನ ಮಾತೇ ಆಡಿರಲಿಲ್ಲ. ನನ್ನ ಸುಳ್ಳು ಅವರ ತಲೆಯೊಳಗೆ ಹೋಗಿ ಒಂದು ಕೂಸನ್ನು ಎತ್ತಿಕೊಂಡು ಹೊರಗೆ ಬಂದಿತ್ತು. ಆ ಹೊತ್ತಿಗೆ ತಟ್ಟೆ ಬಿಟ್ಟು ಎದ್ದು ಕಾಲಿಗೆ ಬೀಳಬೇಕಿತ್ತು. ‘ಇನ್ನೊಂದು ರೊಟ್ಟಿ ಹಾಕ್ರಿ’ ಎಂದೆ.

ವಿಮಾನ ಎತ್ತುವ ದಿನ ಓಣಿಗೆ ಓಣಿಯೇ ಗೋದಾಮಿಗೆ ಬಂತು. ಶಿವಾನಂದಪ್ಪನ ತಾಯಿ ವಿಮಾನದ ಮೂತಿಗೆ ವಿಭೂತಿ ಹಚ್ಚಿದರು, ಕಾಯಿ ಒಡೆಸಿದರು. ಬಾಲಕ್ಕೆ ಮರಳಿನ ಚೀಲ ಕಟ್ಟಿ ಸ್ಟೂಲಿನ ಮೇಲಿಟ್ಟೆವು. ಬಲಗಡೆ ಅವನು, ಎಡಗಡೆ ನಾನು, ರೆಕ್ಕೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತೆವು. ಅವನು ‘ಒಂದ್’ ಎಂದರೆ ಅರ್ಧ ಸುತ್ತು, ‘ಎಲ್ಡ್’ ಎಂದರೆ ಇನ್ನರ್ಧ. ಜಾಕುಗಳು ಶಾವಿಗೆ ಒತ್ತುವಾಗ ಕಿರುಗುಟ್ಟುವ ಹಾಗೆಯೇ ಕಿರುಗುಟ್ಟಿದವು; ಹೆಂಗಸರು ಆ ಸದ್ದಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನಾನು ತಲೆಯೆತ್ತದೆ ತಿರುವಿದೆ. ಆದರೂ — ಹೇಳಲೇಬೇಕು — ವಿಮಾನ ಎದ್ದಿತು! ಒಂದು ನೂಲೂ ಓರೆಯಾಗದೆ, ಅಂಡಿಗೆ ಬಿಟ್ಟು ಮೇಲೆದ್ದಿತು. ಶಿವಾನಂದಪ್ಪ ಅತ್ತುಬಿಟ್ಟ. ಚಕ್ರ ಹಾಕಿದರು. ‘ಎಲ್ಲಾ ನಮ್ ಬಸಣ್ಣನ ಕೈ ಕೆಲಸ’ ಎಂದು ಅವನು ಕೂಗಿ ಹೇಳಿದ. ಓಣಿಯ ಗಂಡಸರು ಮೊದಲ ಸಲ ನನ್ನನ್ನು ನನ್ನ ಹೆಸರಿನಿಂದ ಕರೆದರು.

ಎಲ್ಲ ಚದುರುವಾಗ ಅತ್ತೆ ರೆಕ್ಕೆಯ ಕೆಳಗೆ ಬಗ್ಗಿ ಬಂದರು. ನನ್ನ ಜಾಕಿನ ಹಿಡಿಕೆಯ ಮೇಲೆ ಕೈಯಿಟ್ಟರು. ಅದರ ಒಂದು ಕಡೆ ಸ್ವಲ್ಪ ಸೊಟ್ಟಗಿತ್ತು; ಗಿರಿಜಾ ಹೊಟ್ಟೆಯಲ್ಲಿದ್ದಾಗ ಅಟ್ಟದಿಂದ ಬಿದ್ದು ಸೊಟ್ಟಗಾದದ್ದು ಎಂದು ಅವರೇ ಒಮ್ಮೆ ಹೇಳಿದ್ದರು. ಆ ಸೊಟ್ಟಿನ ಮೇಲೆ ಅವರ ಅಂಗೈ ತಾನಾಗಿ ಹೋಗಿ ಕೂತಿತು. ಮುಖ ಬೆಳಗಿತು. ಕಳೆದ ಮಗು ಸಿಕ್ಕಂತೆ ನನ್ನನ್ನು ನೋಡಿ, ಸಣ್ಣ ದನಿಯಲ್ಲಿ, “ಅಳಿಯಂದ್ರ, ಇದು ನಮ್ ಒರಳಿಂದು ಅಲ್ಲೇನ್ರಿ?” ಎಂದರು.

ಹತ್ತಿರ ಯಾರೂ ಇರಲಿಲ್ಲ. ಅವರು ಕೂಗಿ ಹೇಳಿರಲಿಲ್ಲ. ನನ್ನ ಮರ್ಯಾದೆ ಉಳಿಸಿಯೇ ಕೇಳಿದ್ದರು. ಒಂದು ‘ಹೌದ್ರಿ’ ಸಾಕಿತ್ತು.

“ಅಲ್ರಿ ಅತ್ತಿ, ಇದು ಹರಿಹರದ್ದು. ಹೊಸಾದು,” ಎಂದೆ.

ಅವರು ಕೈ ತೆಗೆದರು. ಹಿಡಿಕೆಯನ್ನೂ ನೋಡಿದರು, ತಮ್ಮ ಅಂಗೈಯನ್ನೂ ನೋಡಿಕೊಂಡರು. “ಹೌದೇನು… ಆಗ್ಲಿ ಬಿಡ್ರಿ. ನನ್ ತಲಿ ಈಗ ಸರಿ ಇಲ್ಲ,” ಎಂದು ಸೆರಗು ಹೊದ್ದು ಹೊರಟು ಹೋದರು.

ಅಟ್ಟದಿಂದ ಒರಳು ಇಳಿಸಿದ್ದು ಕಳ್ಳತನ. ಇದಕ್ಕೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ವಿಮಾನದ ಕತೆ ಬೇಗ ಮುಗಿಯಿತು. ಊರಾಚೆಯ ಬಯಲಲ್ಲಿ ಒಂದು ಬೆಳಿಗ್ಗೆ ಅದು ಓಡಿತು; ಗೇಣುದ್ದ ನೆಲ ಬಿಟ್ಟಿತೆಂದು ಶಿವಾನಂದಪ್ಪ, ಬಿಡಲಿಲ್ಲವೆಂದು ಅವನ ಅಣ್ಣ. ಹಾರಿಸಲು ಪರವಾನಗಿ ಬರಲೇ ಇಲ್ಲ. ಹತ್ತಿ ಸುಗ್ಗಿ ಬಂತು, ಅಣ್ಣನಿಗೆ ಗೋದಾಮು ಬೇಕಾಯಿತು, ರೆಕ್ಕೆ ಬಿಚ್ಚಿ ತೊಲೆಗಳ ಮೇಲೆ ಏರಿಸಿದರು. ಆ ಭಾರಕ್ಕೋ ಹಳೆಯದಾಗಿಯೋ ಒಂದು ತೊಲೆ ಬಾಗಿತು. ಜಾಕು ಖಾಲಿ ಇತ್ತಲ್ಲ — ಅದರ ಕೆಳಗೆ ದಿಮ್ಮಿ ಪೇರಿಸಿ ತೊಲೆಗೆ ಆನಿಸಿ ನಿಲ್ಲಿಸಿದರು, ನಮ್ಮ ಅತ್ತೆಯದನ್ನೇ. ನಾನು ಅದನ್ನು ಹಿಂದಕ್ಕೆ ಕೇಳಲು ಹೋದರೆ, “ತಗದ್ರೆ ಸೂರು ಕೆಳಗ್ ಬರ್ತೈತೆ ಮಾರಾಯ. ಹರಿಹರದಾಗೆ ಇನ್ನೊಂದ್ ಮಾಡ್ಸಿಕೊ,” ಎಂದ ಶಿವಾನಂದಪ್ಪನ ಅಣ್ಣ.

ಅತ್ತೆ ಆಮೇಲೆ ಇಪ್ಪತ್ತು ವರ್ಷ ಇದ್ದರು. ಓಣಿಯವರು ಒಮ್ಮೆಲೇ ಬಿಡಲಿಲ್ಲ, ಕೇಳುತ್ತಿದ್ದರು. ಅತ್ತೆಯೇ, “ನನ್ನನ್ ಕೇಳಬ್ಯಾಡ್ರವ್ವ, ನಂಗೆ ಮರವು,” ಎನ್ನತೊಡಗಿದರು. ಮೆಲ್ಲಗೆ ಕಟ್ಟೆಗೆ ಬರುವವರು ಕಡಿಮೆಯಾದರು. ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವರು, ಆ ಗಂಟು ಯಾತಕ್ಕೆಂದು ಅವರಿಗೆ ಸರಿಯಾಗಿ ನೆನಪಿರುತ್ತಿತ್ತು, ಆದರೂ ಬಂದು ನನ್ನನ್ನು ಕೇಳುವರು — “ಸೋಮವಾರ ಗುಡಿಗೆ ಹೋಗೋದಕ್ಕ ಗಂಟು ಹಾಕೀನಿ, ಹೌದಲ್ರೀ?” ಹೌದು ಎಂದರೆ ಸಮಾಧಾನ. ಯಾರಾದರೂ ಮಾತಿಗೆ ತಪ್ಪು ತೆಗೆದರೆ, “ಅಳಿಯಂದ್ರನ್ನ ಕೇಳ್ರಿ, ಅವ್ರು ಹೇಳಿದ್ರೆ ಖರೆ,” ಎನ್ನುವರು. ಜಗತ್ತಿನಲ್ಲಿ ಯಾರ ಮಾತನ್ನು ನಂಬಬಾರದಿತ್ತೋ ಆ ಒಬ್ಬನನ್ನೇ ಹಿಡಿದುಕೊಂಡು ಬದುಕಿದರು. ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಕೂತು ಹೇಳಿಬಿಡೋಣವೆಂದು ಎಷ್ಟು ಸಲ ಬಾಯಿ ತೆರೆದೆನೋ — ನೀರು ಬೇಕೇ ಎಂದು ಕೇಳಿ ಎದ್ದು ಬಂದೆ.

ಇದನ್ನು ಅವರ ಜೊತೆಗೇ ಮಣ್ಣಿಗೆ ಹಾಕಿದೆ ಅಂದುಕೊಂಡಿದ್ದೆ. ಆಗಲಿಲ್ಲ. ಮೊನ್ನೆ ಗಿರಿಜಾ ಬೀರುವಿನ ಕೀಲಿ ಎಲ್ಲೋ ಇಟ್ಟು ಹುಡುಕುತ್ತಿದ್ದಳು. ಸಿಕ್ಕಿತು, ಹೂವಿನ ಬುಟ್ಟಿಯಲ್ಲಿ. ಸಿಕ್ಕ ಮೇಲೆ ಅದನ್ನು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಅತ್ತಳು. “ನಮ್ಮವ್ವಂದು ನಂಗೂ ಬಂತು ನೋಡ್ರಿ. ಆಕಿಗೂ ಹಿಂಗೇ ಶುರುವಾಗಿತ್ತು,” ಎಂದಳು. ಡಾಕ್ಟರಿಗೂ ಹಾಗೇ ಹೇಳಿದ್ದಾಳಂತೆ, ಮನೆತನದ ಕಾಯಿಲೆ ಎಂದು. ರಾತ್ರಿ ನಿದ್ದೆಯಿಲ್ಲ, ಮೊಮ್ಮಕ್ಕಳ ಹೆಸರನ್ನು ತಾನೇ ಒಪ್ಪಿಸಿಕೊಳ್ಳುತ್ತಾಳೆ, ಒಂದೂ ತಪ್ಪುವುದಿಲ್ಲ, ಆದರೂ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ತಾಯಿಗೆ ಮಾಡಿದ್ದು ಈಗ ಮಗಳ ಹಾಸಿಗೆಗೂ ಬಂದು ಮಲಗಿದೆ. ಅದಕ್ಕೆ ಕೂತು ಬರೆದೆ. ಬಾಯಲ್ಲಿ ಹೇಳಿದರೆ ಮಧ್ಯದಲ್ಲಿ ಇನ್ನೊಂದು ಹಸಿರು ಸೀರೆ ತಂದು ನಿಲ್ಲಿಸುತ್ತೇನೆ, ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಓದಿದ ಮೇಲೆ ಅವಳು ಕ್ಷಮಿಸಬೇಕೆಂದು ಬೇಡುವುದಿಲ್ಲ. ಬೈದರೆ ಕೂತು ಬೈಸಿಕೊಳ್ಳುತ್ತೇನೆ. ಮಾತು ಬಿಟ್ಟರೆ ಅದನ್ನೂ.

ಅವಳು ಅಡಿಗೆಮನೆಯಲ್ಲಿದ್ದಾಳೆ, ಚಹಾ ಇಟ್ಟಿದ್ದಾಳೆ. ಈಗ ತಾನೇ ಅಲ್ಲಿಂದಲೇ ಕೂಗಿದಳು: “ರೀ, ನಾನು ಸಕ್ಕರಿ ಹಾಕಿದ್ನೇನ್ರೀ?”

‘ಹಾಕಿದಿ’ ಎಂದು ಇಲ್ಲಿಂದಲೇ ಕೂಗಿಬಿಡಬಹುದು. ಅದು ನನಗೆ ಅಭ್ಯಾಸ. ನಾನು ನೋಡಿಲ್ಲ. ಈ ಹಾಳೆಗಳನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದೇನೆ.